ಲಡ್ಲೋಗೆ ಹೋಗುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡ್ ಪ್ರವಾಸ ಅಂದರೆ ನಮ್ಮವರ ಪಟ್ಟಿ ಲಂಡನ್, ಆಕ್ಸ್‌ಫರ್ಡ್, ಲೇಕ್ ಡಿಸ್ಟ್ರಿಕ್ಟ್ ಅಂತ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಆ ಪಟ್ಟಿಗೆ ಒಂದು ಸಣ್ಣ ಊರು ಸೇರಿಸಿ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಹೇಳಿದ ಮೇಲೆ ಎಲ್ಲರೂ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಈ ಲಡ್ಲೋ ಎಲ್ಲಿದೆ? ಅಲ್ಲೇನಿದೆ ಅಂತ ಅಷ್ಟು ದೂರ ಹೋಗಬೇಕು?

ಇಂಗ್ಲೆಂಡಿನ ಪಶ್ಚಿಮದಲ್ಲಿ, ವೇಲ್ಸ್ ಗಡಿಗೆ ಹತ್ತಿರ, ಶ್ರಾಪ್‌ಶೈರ್ ಕೌಂಟಿಯ ದಕ್ಷಿಣದ ತುದಿಯಲ್ಲಿದೆ. ಜನಸಂಖ್ಯೆ ಸುಮಾರು ಹತ್ತು ಸಾವಿರ. ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಕೋಟೆ, ಕೋಟೆ ಮುಂದೆ ಸಂತೆ ಬಯಲು, ಅಲ್ಲಿಂದ ಕೆಳಗಿಳಿಯುವ ಬೀದಿಗಳು, ಪಶ್ಚಿಮ ಮತ್ತು ದಕ್ಷಿಣದಲ್ಲಿ ಊರನ್ನು ಬಳಸಿಕೊಂಡು ಹರಿಯುವ ಟೀಮ್ ನದಿ. ಊರಿನ ನಕ್ಷೆ ಇಷ್ಟೇ. ಆದರೆ ಇಷ್ಟು ಪುಟ್ಟ ಊರಿನಲ್ಲಿ ಕಾನೂನಿನ ರಕ್ಷಣೆ ಇರುವ ಹಳೇ ಕಟ್ಟಡಗಳು 500ರ ಹತ್ತಿರ ಇವೆ. ಅವುಗಳಲ್ಲಿ ಜನ ಇವತ್ತಿಗೂ ವಾಸ ಮಾಡುತ್ತಾರೆ, ಅಂಗಡಿ ಇಟ್ಟಿದ್ದಾರೆ, ಮಗ್ಗುಲಲ್ಲಿ ಬಟ್ಟೆ ಒಣಹಾಕುತ್ತಾರೆ. ಟಿಕೆಟ್ ಕೊಟ್ಟು ನೋಡುವ ವಸ್ತುಸಂಗ್ರಹಾಲಯದಂತೆ ಇಲ್ಲ, ದಿನಾ ಬದುಕುತ್ತಿರುವ ಊರು. ನನಗೆ ಇಷ್ಟವಾಗುವುದು ಅದೇ.

ಲಂಡನ್‌ನಿಂದ ಹೇಗೆ ಹೋಗೋದು? ಕಾರು ಬೇಕೇ ಬೇಕಾ?

ನೇರ ರೈಲಿಲ್ಲ. ಯೂಸ್ಟನ್ ನಿಲ್ದಾಣದಿಂದ ಕ್ರೂ ಅನ್ನುವ ಊರಿನ ಮೇಲೆ, ಇಲ್ಲವೇ ಪ್ಯಾಡಿಂಗ್ಟನ್‌ನಿಂದ ಹೆರಿಫರ್ಡ್ ಮೇಲೆ ಹೋಗಬಹುದು. ಎರಡರಲ್ಲೂ ಒಂದು ಬದಲಾವಣೆ, ಒಟ್ಟು ಮೂರರಿಂದ ಮೂರೂವರೆ ಗಂಟೆ ಹಿಡಿಯುತ್ತದೆ. ಮ್ಯಾಂಚೆಸ್ಟರ್ ಮತ್ತು ಕಾರ್ಡಿಫ್‌ನಿಂದ ನೇರ ರೈಲುಗಳಿವೆ. ಶ್ರೂಸ್‌ಬರಿಯಿಂದ ಬರೀ ಅರ್ಧ ಗಂಟೆ. ಭಾನುವಾರ ರೈಲು ಕಮ್ಮಿ. ಹಳಿ ದುರಸ್ತಿ ಇದ್ದರೆ ರೈಲಿನ ಬದಲು ಬಸ್ಸು ಬಿಡುತ್ತಾರೆ, ಹಾಗಾಗಿ ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಕಾರು ಬೇಡ ಅಂತಲೇ ನನ್ನ ಅಭಿಪ್ರಾಯ. ಹಳೇ ಊರಿನ ಬೀದಿಗಳು ಇಕ್ಕಟ್ಟು, ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಬೆಳಗ್ಗೆ ಕಳೆದುಹೋಗುತ್ತದೆ. ಕಾರಿನಲ್ಲೇ ಬಂದರೆ ಎ49 ಹೆದ್ದಾರಿ ಪಕ್ಕದ ಪಾರ್ಕ್ ಅಂಡ್ ರೈಡ್‌ನಲ್ಲಿ ಬಿಟ್ಟು ಬಸ್ಸಿನಲ್ಲಿ ಊರೊಳಗೆ ಬನ್ನಿ. ರೈಲು ನಿಲ್ದಾಣದಿಂದ ಸಂತೆ ಬಯಲಿಗೆ ಹತ್ತು ನಿಮಿಷದ ನಡಿಗೆ, ಸ್ವಲ್ಪ ಏರು. ಅಪ್ಪ ಅಮ್ಮನಿಗೆ ಅರವತ್ತು ದಾಟಿದ್ದರೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ, ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ನೀವಿಬ್ಬರು ಜೊತೆಯಾಗಿ ಓಡಾಡುವುದಾದರೆ ಟೂ ಟುಗೆದರ್ ಕಾರ್ಡ್‌ನಿಂದಲೂ ಅಷ್ಟೇ ಉಳಿತಾಯ, ಆದರೆ ವಾರದ ದಿನಗಳಲ್ಲಿ ಬೆಳಗ್ಗೆ 9:30ರ ನಂತರದ ರೈಲಿಗೆ ಮಾತ್ರ.

ಒಂದೇ ದಿನದಲ್ಲಿ ಮುಗಿಸಬಹುದಾ?

ಮುಗಿಸಬಹುದು, ಆದರೆ ಮುಗಿಸಬೇಡಿ. ಬೆಳಗ್ಗೆ ಹನ್ನೊಂದಕ್ಕೆ ಬಸ್ಸಿನಿಂದ ಇಳಿದು ಕೋಟೆ ನೋಡಿ, ಚಹಾ ಕುಡಿದು ನಾಲ್ಕಕ್ಕೆ ಹೊರಟುಬಿಡುವವರೇ ಜಾಸ್ತಿ. ಅವರು ನದಿಗೆ ಇಳಿಯುವುದೇ ಇಲ್ಲ. ಎರಡು ರಾತ್ರಿ ಉಳಿಯಿರಿ. ಒಂದು ದಿನ ಊರು ಮತ್ತು ಹೊಳೆ, ಇನ್ನೊಂದು ದಿನ ಸುತ್ತಲಿನ ಗುಡ್ಡ. ಮೂರನೇ ದಿನ ಸಿಕ್ಕರೆ ಎಲ್ಲಿಗೆ ಹೋಗಬೇಕು ಅಂತ ಕೆಳಗೆ ಹೇಳಿದ್ದೇನೆ. ಕನ್ನಡಿಗರಾದ ನಮಗೆ ಆ ಮೂರನೇ ದಿನವೇ ಮುಖ್ಯ.

ಸಂತೆ ಯಾವ ದಿನ?

ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ. ಇವಲ್ಲದೆ ಕೆಲವು ಗುರುವಾರ ಮತ್ತು ಭಾನುವಾರಗಳಲ್ಲಿ ಹಳೇ ಸಾಮಾನಿನ ಸಂತೆ, ಸ್ಥಳೀಯ ರೈತರ ಸಂತೆ ನಡೆಯುತ್ತವೆ. ಕೋಟೆ ಬಾಗಿಲಿನ ಮುಂದಿನ ಚೌಕದಲ್ಲೇ ಪಟ್ಟೆ ಪಟ್ಟೆ ಚಪ್ಪರ ಹಾಕಿಕೊಂಡು ಕೂರುತ್ತಾರೆ. ತರಕಾರಿ, ಬ್ರೆಡ್, ಚೀಸ್, ಹೂವಿನ ಸಸಿ, ಉಣ್ಣೆ ಟೋಪಿ, ಹಳೇ ಪಿಂಗಾಣಿ ತಟ್ಟೆ, ಹೀಗೆ. ಚೌಕಾಸಿ ತರಕಾರಿಗೆ ನಡೆಯಲ್ಲ. ಹಳೇ ಸಾಮಾನಿನವರ ಹತ್ತಿರ ಮರ್ಯಾದೆಯಿಂದ ಕೇಳಿದರೆ ಸ್ವಲ್ಪ ಇಳಿಸುತ್ತಾರೆ.

ಈ ಚೌಕದ ನಡುವೆ 1880ರ ದಶಕದಲ್ಲಿ ಇಟ್ಟಿಗೆಯ ದೊಡ್ಡ ಟೌನ್ ಹಾಲ್ ಕಟ್ಟಿದ್ದರು. 1986ರಲ್ಲಿ ಅದನ್ನು ಕೆಡವಿದರು. ಅದಾದ ಮೇಲೆ ಸಂತೆಗೆ ಮತ್ತೆ ತೆರೆದ ಬಯಲು ಸಿಕ್ಕಿತು.

ಕೋಟೆಯಲ್ಲಿ ಬರೀ ಪಾಳುಗೋಡೆ ತಾನೇ? ದುಡ್ಡು ಕೊಟ್ಟು ಒಳಗೆ ಹೋಗಬೇಕಾ?

ಹೋಗಿ. ಚಾವಣಿ ಇಲ್ಲ ನಿಜ, ಆದರೆ ಗೋಡೆಗಳು ಪೂರ್ತಿ ಎತ್ತರಕ್ಕೆ ನಿಂತಿವೆ. 11ನೇ ಶತಮಾನದ ಕೊನೆಯಲ್ಲಿ ಡಿ ಲೇಸಿ ಅನ್ನುವ ನಾರ್ಮನ್ ಮನೆತನದವರು ವೇಲ್ಸ್ ಗಡಿ ಕಾಯಲು ಕಟ್ಟಿಸಲು ಶುರುಮಾಡಿದ ಕೋಟೆ ಇದು. ಒಳ ಅಂಗಳದಲ್ಲಿ ದುಂಡನೆಯ ಒಂದು ಪ್ರಾರ್ಥನಾ ಮಂದಿರವಿದೆ, 12ನೇ ಶತಮಾನದ್ದು. ಬಾಗಿಲ ಕಮಾನಿನ ಸುತ್ತ ಕೊರೆದಿರುವ ಅಂಕುಡೊಂಕು ಗೆರೆಗಳನ್ನು ಹತ್ತಿರದಿಂದ ನೋಡಿ. ಒಳಗೆ ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಕಮಾನುಗಳ ಸಾಲು, ತಲೆ ಎತ್ತಿದರೆ ದುಂಡನೆಯ ಆಕಾಶ. ಇಂಗ್ಲೆಂಡಿನಲ್ಲಿ ಇಂಥ ದುಂಡು ಗುಡಿಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ.

ಇತಿಹಾಸದಲ್ಲಿ ಆಸಕ್ತಿ ಇದ್ದರೆ ಇನ್ನೊಂದು ಕಾರಣ. 1501ರಲ್ಲಿ ಏಳನೇ ಹೆನ್ರಿಯ ಹಿರಿಮಗ ಆರ್ಥರ್, ಸ್ಪೇನಿನ ರಾಜಕುಮಾರಿ ಕ್ಯಾಥರೀನ್‌ಳನ್ನು ಮದುವೆಯಾಗಿ ಈ ಕೋಟೆಗೆ ಸಂಸಾರ ಹೂಡಲು ಬಂದ. 1502ರ ಏಪ್ರಿಲ್‌ನಲ್ಲಿ, ಬರೀ ಹದಿನೈದು ವರ್ಷಕ್ಕೆ, ಇಲ್ಲೇ ಕಾಯಿಲೆ ಬಿದ್ದು ತೀರಿಕೊಂಡ. ಸಿಂಹಾಸನ ತಮ್ಮನ ಪಾಲಾಯಿತು, ಕ್ಯಾಥರೀನ್ ಆ ತಮ್ಮನ ಕೈಹಿಡಿದಳು. ಅವನೇ ಎಂಟನೇ ಹೆನ್ರಿ. ಮುಂದೆ ಆ ಮದುವೆ ಮುರಿಯಲು ಹೋಗಿ ಅವನು ರೋಮಿನ ಪೋಪನ ಸಂಬಂಧವನ್ನೇ ಕಡಿದುಕೊಂಡ, ಇಂಗ್ಲೆಂಡಿನ ಧರ್ಮವೇ ಬೇರೆಯಾಯಿತು. ಅಷ್ಟು ದೊಡ್ಡ ಕಥೆಯ ಮೊದಲ ಎಳೆ ಈ ಚಾವಣಿಯಿಲ್ಲದ ಕೋಣೆಗಳಲ್ಲಿದೆ.

ವೇಲ್ಸನ್ನೂ ಗಡಿ ಸೀಮೆಯನ್ನೂ ಆಳುವ ಮಂಡಳಿ ಕೂರುತ್ತಿದ್ದುದೂ ಇಲ್ಲೇ. 1689ರಲ್ಲಿ ಅದನ್ನು ರದ್ದು ಮಾಡಿದರು. ಆಮೇಲೆ ಕೋಟೆಯನ್ನು ಕೇಳುವವರಿಲ್ಲದೆ ಚಾವಣಿಗೆ ಹೊದಿಸಿದ್ದ ಸೀಸದ ತಗಡು ಹೋಯಿತು, ಮಳೆ ಒಳಗೆ ಬಂತು. ಕೋಟೆಯನ್ನು ಪಾಳು ಮಾಡಿದ್ದು ಯುದ್ಧಕ್ಕಿಂತ ಹೆಚ್ಚಾಗಿ ಅನಾದರ.

ಲಡ್ಲೋಗೂ ಟಿಪ್ಪು ಸುಲ್ತಾನನಿಗೂ ಏನೋ ಸಂಬಂಧ ಇದೆಯಂತೆ, ಹೌದಾ?

ಹೌದು. ಇಲ್ಲಿಗೆ ಬರುವ ಕನ್ನಡಿಗರು ತಿಳಿದಿರಲೇಬೇಕಾದ ವಿಷಯ ಇದು.

ಪ್ಲಾಸಿ ಕದನದ ರಾಬರ್ಟ್ ಕ್ಲೈವ್ ಶ್ರಾಪ್‌ಶೈರಿನವನು. ಅವನ ಮಗ ಎಡ್ವರ್ಡ್ ಕ್ಲೈವ್ ಲಡ್ಲೋ ಕ್ಷೇತ್ರದ ಸಂಸತ್ ಸದಸ್ಯನಾಗಿದ್ದ. 1798ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ. ಮರುವರ್ಷ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಕೋಟೆಯೊಳಗೇ ಹೋರಾಡುತ್ತ ಸತ್ತ. ಅಲ್ಲಿಂದ ಹೊರಟ ವಸ್ತುಗಳಲ್ಲಿ ಒಂದಷ್ಟು ಈ ಕ್ಲೈವ್ ಮನೆತನದ ಕೈಸೇರಿದವು. ಎಡ್ವರ್ಡ್ ಊರಿಗೆ ಮರಳಿದ ಮೇಲೆ ಪೊವಿಸ್‌ನ ಅರ್ಲ್ ಅನ್ನುವ ಬಿರುದು ಪಡೆದ, 1811ರಲ್ಲಿ ಲಡ್ಲೋ ಕೋಟೆಯನ್ನು ಸರ್ಕಾರದಿಂದ ಕೊಂಡುಕೊಂಡ. ಕೋಟೆ ಇವತ್ತಿಗೂ ಪೊವಿಸ್ ಎಸ್ಟೇಟಿನದೇ.

ಅವನ ಹೆಂಡತಿ ಹೆನ್ರಿಯೆಟ್ಟಾ ಹುಟ್ಟಿದ್ದು ಲಡ್ಲೋದ ಪಕ್ಕದ ಬ್ರಾಮ್‌ಫೀಲ್ಡ್ ಹಳ್ಳಿಯ ಓಕ್ಲಿ ಪಾರ್ಕ್‌ನಲ್ಲಿ. 1800ರಲ್ಲಿ ಆಕೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು, ಗಂಡನನ್ನು ಮದರಾಸಿನಲ್ಲೇ ಬಿಟ್ಟು, ಬೆಂಗಳೂರು, ಮೈಸೂರು, ಶ್ರೀರಂಗಪಟ್ಟಣ ಎಲ್ಲ ಸುತ್ತಿದಳು. ಟೀಮ್ ದಂಡೆಯ ಹೆಣ್ಣುಮಗಳು ಕಾವೇರಿ ದಂಡೆಗೆ ಬಂದಿದ್ದಳು, ಅದೂ ಯುದ್ಧ ಮುಗಿದ ಮರುವರ್ಷವೇ. ಆಗ ಜೊತೆಗಿದ್ದ ಮಗಳು ಶಾರ್ಲಟ್ ಮುಂದೆ ವಿಕ್ಟೋರಿಯಾ ರಾಣಿಯ ಬಾಲ್ಯದಲ್ಲಿ ಆಕೆಯನ್ನು ನೋಡಿಕೊಳ್ಳುವ ಗವರ್ನೆಸ್ ಆದಳು. ಕೆಂಪು ಕಿತ್ತಳೆ ಬಣ್ಣದ ಹೂ ಬಿಡುವ ಕ್ಲೈವಿಯಾ ಗಿಡಕ್ಕೆ ಆ ಹೆಸರು ಬಂದದ್ದು ಇವಳಿಂದಲೇ.

ಆ ವಸ್ತುಗಳನ್ನು ನೋಡಬೇಕಾದರೆ ಎಲ್ಲಿಗೆ ಹೋಗಬೇಕು?

ಲಡ್ಲೋದಲ್ಲಿ ಅಲ್ಲ, ಗಡಿ ದಾಟಿ ವೇಲ್ಸ್‌ನ ವೆಲ್ಶ್‌ಪೂಲ್ ಊರಿನ ಪೊವಿಸ್ ಕ್ಯಾಸಲ್‌ಗೆ. ಇದೇ ನಾನು ಹೇಳಿದ ಮೂರನೇ ದಿನ. ಲಡ್ಲೋದಿಂದ ಶ್ರೂಸ್‌ಬರಿಗೆ ರೈಲು, ಅಲ್ಲಿ ಬದಲಿಸಿ ವೆಲ್ಶ್‌ಪೂಲ್, ನಿಲ್ದಾಣದಿಂದ ಊರೊಳಗೆ ಹಾದು ಮೈಲಿಗೂ ಮೇಲ್ಪಟ್ಟು ನಡೆಯಬೇಕು. ನೋಡಿಕೊಳ್ಳುವುದು ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ.

ಒಳಗೆ ಟಿಪ್ಪುವಿನ ಡೇರೆ ಇದೆ. ಹತ್ತಿ ಬಟ್ಟೆಯ ಮೇಲೆ ಹೂಕುಂಡ, ಬಳ್ಳಿಗಳ ಚಿತ್ತಾರ, ಬಣ್ಣ ಇನ್ನೂ ಮಾಸಿಲ್ಲ. ಇದನ್ನು ಆ ಮನೆಯವರು ಒಂದು ಕಾಲದಲ್ಲಿ ತೋಟದ ಪಾರ್ಟಿಗೆ ಶಾಮಿಯಾನದಂತೆ ಹಾಕುತ್ತಿದ್ದರು. ಟಿಪ್ಪು ಸಿಂಹಾಸನದ ಚಿನ್ನದ ಹುಲಿತಲೆಗಳಲ್ಲಿ ಒಂದು ಕೂಡ ಇಲ್ಲೇ ಇದೆ. ಗೆದ್ದ ಸೈನ್ಯದವರು ಪಾಲು ಹಂಚಿಕೊಳ್ಳಲು ಸಿಂಹಾಸನವನ್ನೇ ಒಡೆದು ತುಂಡು ಮಾಡಿದ್ದರು, ಎಂಟು ಮೂಲೆಗಳ ಹುಲಿತಲೆಗಳು ಒಂದೊಂದು ಒಂದೊಂದು ಕಡೆ ಹೋದವು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಕೆಂಪು ಹರಳಿನ ಕಣ್ಣು, ತೆರೆದ ಬಾಯಿ. ಶ್ರೀರಂಗಪಟ್ಟಣ ನೋಡಿದವರಿಗೆ ಇದರ ಮುಂದೆ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಗಲಿ ಬಿಡಿ. ಮಕ್ಕಳಿಗೂ ತೋರಿಸಿ, ಇದು ನಮ್ಮೂರಿನಿಂದ ಹೀಗೆ ಬಂತು ಅಂತ ನೇರವಾಗಿ ಹೇಳಿ. ಕೋಣೆಗಳು ತೆರೆದಿರುವ ದಿನ ಋತುವಿಗೆ ತಕ್ಕಂತೆ ಬದಲಾಗುತ್ತವೆ, ಮೊದಲೇ ವಿಚಾರಿಸಿ ಹೋಗಿ.

ಬೀದಿಗಳಲ್ಲಿ ಏನು ನೋಡಬೇಕು?

1740ರ ದಶಕದಲ್ಲಿ ಕಟ್ಟಿದ ಬಟರ್‌ಕ್ರಾಸ್ ಅನ್ನುವ ಕಂಬದ ಕಟ್ಟಡದ ಹತ್ತಿರ ನಿಂತು ಕೆಳಗೆ ನೋಡಿ. ಅದೇ ಬ್ರಾಡ್ ಸ್ಟ್ರೀಟ್. ಅಗಲವಾಗಿ ಇಳಿಜಾರಾಗಿ ಇಳಿದು ಕೆಳಗೆ ಬ್ರಾಡ್ ಗೇಟ್ ಅನ್ನುವ ಹಳೇ ಊರಬಾಗಿಲಿಗೆ ಮುಟ್ಟುತ್ತದೆ. ಊರಿನ ಸುತ್ತ ಇದ್ದ ಏಳು ಬಾಗಿಲುಗಳಲ್ಲಿ ಉಳಿದಿರುವುದು ಇದೊಂದೇ. ಮೇಲೆ ಮನೆ ಕಟ್ಟಿಕೊಂಡಿದ್ದಾರೆ, ಕೆಳಗಿನ ಕಮಾನಿನಲ್ಲಿ ಇವತ್ತಿಗೂ ಕಾರು ನುಸುಳುತ್ತವೆ. ಈ ಬೀದಿಯ ಕೆಂಪು ಇಟ್ಟಿಗೆ ಮನೆಗಳು 18ನೇ ಶತಮಾನದವು ಅಂತ ಕಾಣುತ್ತವೆ, ಆದರೆ ಎಷ್ಟೋ ಮನೆಗಳಲ್ಲಿ ಇಟ್ಟಿಗೆ ಬರೀ ಮುಂಭಾಗ, ಹಿಂದೆ ಅದಕ್ಕಿಂತ ಹಳೇ ಮರದ ತೊಲೆಗಳ ಮನೆ ಹಾಗೇ ಇದೆ.

ನಿಲ್ದಾಣದಿಂದ ಬರುವಾಗ ಬುಲ್ ರಿಂಗ್ ಅನ್ನುವ ಬೀದಿಯಲ್ಲಿ ಫೆದರ್ಸ್ ಹೋಟೆಲಿನ ಮುಂಭಾಗ ಸಿಗುತ್ತದೆ, 1619ರದ್ದು. ಕಪ್ಪು ಮರ, ಬಿಳಿ ಗಾರೆ, ಒಂದು ತೊಲೆಯನ್ನೂ ಕೆತ್ತದೆ ಬಿಟ್ಟಿಲ್ಲ. ಎದುರು ಬದಿಯಿಂದ ನೋಡಿದರೆ ಚೆನ್ನ.

ಚರ್ಚ್ ನೋಡಲೇಬೇಕಾ?

ಸಂತ ಲಾರೆನ್ಸ್ ಚರ್ಚ್ ಮಾತ್ರ ಬಿಡಬೇಡಿ. ಊರಿನ ಉಣ್ಣೆ ವ್ಯಾಪಾರದ ದುಡ್ಡಿನಲ್ಲಿ ಕಟ್ಟಿದ್ದು, ಗೋಪುರ 135 ಅಡಿ ಎತ್ತರ, ಸುಮಾರು 200 ಮೆಟ್ಟಿಲು. ಗಾಯಕರು ಕೂರುವ ಭಾಗದಲ್ಲಿ ಮಡಚುವ ಮರದ ಆಸನಗಳಿವೆ. ಆಸನ ಎತ್ತಿದರೆ ಅಡಿಯಲ್ಲಿ ಕೆತ್ತನೆ, ಒಟ್ಟು 28. ಗಂಟೆಗಟ್ಟಲೆ ನಿಂತು ಪ್ರಾರ್ಥಿಸುವ ಪಾದ್ರಿಗಳು ಆತುಕೊಳ್ಳಲಿ ಅಂತ ಮಾಡಿದ ಸಣ್ಣ ಆಸರೆ ಅದು. ಒಂದರಲ್ಲಿ ಬಿಷಪ್ ವೇಷದ ನರಿ ಬಾತುಗಳಿಗೆ ಉಪದೇಶ ಮಾಡುತ್ತಿದೆ. ಇನ್ನೊಂದರಲ್ಲಿ ಅಳತೆಯಲ್ಲಿ ಮೋಸ ಮಾಡಿದ ಹೆಂಡದಂಗಡಿಯವಳನ್ನು, ಆ ಮೋಸದ ಪಾತ್ರೆಯ ಸಮೇತ, ದೆವ್ವ ಹೊತ್ತುಕೊಂಡು ನರಕಕ್ಕೆ ಹೋಗುತ್ತಿದೆ. ಸಂತೆ ಊರಿನ ಬಡಗಿಗೆ ಯಾವ ಪಾಪ ದೊಡ್ಡದು ಅಂತ ಚೆನ್ನಾಗಿ ಗೊತ್ತಿತ್ತು.

ನದಿ ದಂಡೆಯಲ್ಲಿ ನಡೆಯೋಕೆ ದಾರಿ ಇದೆಯಾ?

ಇದೆ, ಮತ್ತು ಲಡ್ಲೋದಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯ ಇದ್ದರೆ ಇದನ್ನೇ ಮಾಡಿ. ಕೋಟೆಯ ಹೊರಗೋಡೆ ಹಿಡಿದು ಸುತ್ತಿಕೊಂಡು ಡಿನಮ್ ಕಡೆ ಇಳಿಯಿರಿ. ಕೆಳಗೆ 1823ರ ಡಿನಮ್ ಸೇತುವೆ, ಪಕ್ಕದಲ್ಲಿ ಹುಲ್ಲುಬಯಲು, ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗು ಒಡ್ಡು. ಹಿಂದೆ ಗಿರಣಿಗಳಿಗೆ ನೀರು ತಿರುಗಿಸಲು ಕಟ್ಟಿದ ಇಂಥ ಒಡ್ಡುಗಳು ಊರಿನ ಸುತ್ತ ಹಲವು ಇವೆ. ಚಳಿಗಾಲ ಬರುವ ಮುಂಚೆ, ಮಳೆಯಾಗಿ ನೀರು ಏರಿದಾಗ, ಸಾಲ್ಮನ್ ಮೀನುಗಳು ಈ ಒಡ್ಡುಗಳನ್ನು ಹಾರಿ ಮೇಲಕ್ಕೆ ಹೋಗಲು ನೋಡುತ್ತವೆ. ಸುಮ್ನೆ ಒಂದರ್ಧ ಗಂಟೆ ನಿಂತು ಕಾಯುವ ತಾಳ್ಮೆ ಬೇಕು ಅಷ್ಟೇ.

ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಬ್ರೆಡ್‌ವಾಕ್ ಅನ್ನುವ ಕಾಲುದಾರಿ. 19ನೇ ಶತಮಾನದಲ್ಲಿ ಕೆಲಸವಿಲ್ಲದ ಕೂಲಿಗಳಿಂದ ಇದನ್ನು ಮಾಡಿಸಿದರಂತೆ. ದುಡ್ಡು ಕೊಟ್ಟರೆ ಹೆಂಡಕ್ಕೆ ಹೋಗುತ್ತೆ ಅಂತ ಕೂಲಿಗೆ ಬ್ರೆಡ್ಡನ್ನೇ ಕೊಟ್ಟರು ಅಂತ ಊರವರು ಹೇಳುತ್ತಾರೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಟೀಮ್, ನಡುವೆ ಮರಗಳ ನೆರಳು. ಮಧ್ಯದಲ್ಲಿ ಮೇಲಕ್ಕೆ ಹತ್ತುವ ದಾರಿ ಹಿಡಿದರೆ ವಿಟ್‌ಕ್ಲಿಫ್ ಗುಡ್ಡದ ಬಯಲು, ಅಲ್ಲಿ ಬೆಂಚುಗಳಿವೆ. ಕೋಟೆ, ಚರ್ಚ್ ಗೋಪುರ, ಹೆಂಚಿನ ಮನೆಗಳು, ಹಿಂದೆ ಕ್ಲೀ ಬೆಟ್ಟ, ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಊರು ಯಾಕೆ ಇಲ್ಲಿ ಹುಟ್ಟಿತು ಅಂತ ಯಾರೂ ವಿವರಿಸಬೇಕಾಗಿಲ್ಲ, ಹೊಳೆಯ ಬಾಗು ನೋಡಿದರೆ ಗೊತ್ತಾಗುತ್ತದೆ. ಬೆಳಕಿಗೆ ಸಂಜೆಯೇ ವಾಸಿ.

ಅಲ್ಲಿಂದ ಲಡ್‌ಫರ್ಡ್ ಸೇತುವೆಗೆ ಇಳಿದು, ಬ್ರಾಡ್ ಗೇಟ್ ಮೂಲಕ ಮತ್ತೆ ಸಂತೆಗೆ ಹತ್ತಿ. ನಿಧಾನವಾಗಿ ನಡೆದರೂ ಒಂದೂವರೆ ಗಂಟೆ ಸಾಕು. ಮಳೆ ಬಿದ್ದ ಮರುದಿನ ಬ್ರೆಡ್‌ವಾಕ್ ಜಾರುತ್ತದೆ, ಚಪ್ಪಲಿಯಲ್ಲಿ ಹೋಗಬೇಡಿ.

ಲಡ್‌ಫರ್ಡ್‌ನಲ್ಲಿ ಜನ ರಸ್ತೆ ಬದಿಯ ಕಲ್ಲನ್ನು ಅಷ್ಟು ಹೊತ್ತು ನೋಡ್ತಾರಲ್ಲ, ಯಾಕೆ?

ಭೂವಿಜ್ಞಾನ ಓದುವವರಿಗೆ ಅದು ಯಾತ್ರಾಸ್ಥಳ. 1830ರ ದಶಕದಲ್ಲಿ ರಾಡ್ರಿಕ್ ಮರ್ಚಿಸನ್ ಅನ್ನುವ ಭೂವಿಜ್ಞಾನಿ ಈ ಸೀಮೆಯ ಕಲ್ಲುಗಳನ್ನು ನೋಡಿ ಭೂಮಿಯ ಇತಿಹಾಸದ ಸಿಲೂರಿಯನ್ ಅನ್ನುವ ಕಾಲವನ್ನು ಗುರುತಿಸಿದ. ಆ ಕಾಲದ ಒಂದು ಘಟ್ಟಕ್ಕೆ ಇವತ್ತಿಗೂ ಪ್ರಪಂಚದಾದ್ಯಂತ ಲಡ್ಲೋ ಅಂತಲೇ ಹೆಸರು. ಸೇತುವೆ ಹತ್ತಿರದ ಮೂಲೆಯಲ್ಲಿ ತೆಳ್ಳನೆಯ ಒಂದು ಪದರದಲ್ಲಿ ಸುಮಾರು 42 ಕೋಟಿ ವರ್ಷ ಹಳೆಯ ಮೀನುಗಳ ಚೂರುಗಳು ತುಂಬಿವೆ. ನೆಲದ ಮೇಲೆ ಓಡಾಡಿದ ಪ್ರಾಣಿಗಳ ಅತಿ ಹಳೇ ಪಳೆಯುಳಿಕೆಗಳಲ್ಲಿ ಕೆಲವು ಇಲ್ಲೇ ಸಿಕ್ಕಿದವು. ನೋಡಿ, ಕೀಳಬೇಡಿ, ಸುತ್ತಿಗೆಯಂತೂ ಬೇಡವೇ ಬೇಡ, ಅದು ಕಾನೂನಿನ ರಕ್ಷಣೆ ಇರುವ ಜಾಗ. ರಸ್ತೆಯ ತಿರುವು ಬೇರೆ, ಮಕ್ಕಳ ಕೈ ಹಿಡಿದಿರಿ.

ಸುತ್ತಮುತ್ತ ಎಲ್ಲಿಗೆ ಹೋಗಬಹುದು?

ಮೊದಲನೆಯದು ಸ್ಟೋಕ್‌ಸೇ ಕ್ಯಾಸಲ್. ರೈಲಿನಲ್ಲಿ ಕ್ರೇವನ್ ಆರ್ಮ್ಸ್‌ಗೆ ಒಂದೇ ನಿಲ್ದಾಣ, ಅಲ್ಲಿಂದ ಮೈಲಿಯಷ್ಟು ನಡಿಗೆ. ಕ್ಯಾಸಲ್ ಅಂತ ಹೆಸರಿದ್ದರೂ ಇದು ಒಬ್ಬ ವ್ಯಾಪಾರಿಯ ಮನೆ. ಲಾರೆನ್ಸ್ ಆಫ್ ಲಡ್ಲೋ ಅನ್ನುವ ಉಣ್ಣೆ ವರ್ತಕ 1280ರ ದಶಕದಿಂದ ಕಟ್ಟಿಸಿದ್ದು. 1291ರಲ್ಲಿ ರಾಜನಿಂದ ಕೋಟೆಗೋಡೆ ಕಟ್ಟಲು ಅನುಮತಿ ಪಡೆದ, 1294ರಲ್ಲಿ ಉಣ್ಣೆ ತುಂಬಿದ ಹಡಗಿನೊಂದಿಗೆ ಸಮುದ್ರದಲ್ಲಿ ಮುಳುಗಿ ಸತ್ತ. ದೊಡ್ಡ ಹಜಾರದಲ್ಲಿ ನೆಲದ ನಡುವೆ ಬೆಂಕಿ ಹಾಕುತ್ತಿದ್ದ ಜಾಗ ಹಾಗೇ ಇದೆ, ಹೊಗೆ ತೊಲೆಗಳ ನಡುವೆ ಸುತ್ತಿ ಹೊರಗೆ ಹೋಗಬೇಕಿತ್ತು. ಚಿಕ್ಕದು, ಖಾಲಿ, ಅದ್ಭುತ. ಲಡ್ಲೋ ಕೋಟೆಗಿಂತ ಇದೇ ನನಗೆ ಒಂದು ಕೈ ಮೇಲು.

ಇನ್ನೂ ಮುಂದಿನ ನಿಲ್ದಾಣ ಚರ್ಚ್ ಸ್ಟ್ರೆಟನ್. ಅಲ್ಲಿಂದ ಕಾರ್ಡಿಂಗ್ ಮಿಲ್ ಕಣಿವೆಯಲ್ಲಿ ನಡೆದು 516 ಮೀಟರ್ ಎತ್ತರದ ಲಾಂಗ್ ಮಿಂಡ್ ಹತ್ತಬಹುದು. ಆಗಸ್ಟ್‌ನಲ್ಲಿ ಗುಡ್ಡವೆಲ್ಲ ಹೆದರ್ ಹೂವಿನ ನೇರಳೆ. ಲಡ್ಲೋದ ಪೂರ್ವಕ್ಕೆ ಟಿಟರ್‌ಸ್ಟೋನ್ ಕ್ಲೀ ಬೆಟ್ಟ, 533 ಮೀಟರ್, ಹಳೇ ಕಲ್ಲುಗಣಿಯ ಪಾಳು ಕಟ್ಟಡಗಳು, ನೆತ್ತಿಯಲ್ಲಿ ರೇಡಾರ್, ಗಾಳಿಗೆ ನಿಲ್ಲೋಕೆ ಆಗಲ್ಲ. ಇನ್ನು ಊರಿಗೆ ಅಂಟಿಕೊಂಡೇ ಇರುವ ಮಾರ್ಟಿಮರ್ ಕಾಡಿನಲ್ಲಿ ಉದ್ದಕೂದಲಿನ ಒಂದು ಬಗೆಯ ಜಿಂಕೆ ಇದೆ. ಬೆಳಗ್ಗೆ ಬೇಗ ಹೋದವರಿಗೆ ಕಾಣುವ ಅದೃಷ್ಟ ಜಾಸ್ತಿ.

ರೈತರ ಹೊಲದ ಮಧ್ಯೆ ನಡೆದರೆ ಯಾರೂ ಬೈಯಲ್ವಾ?

ಸಾರ್ವಜನಿಕ ಕಾಲುದಾರಿ ಅಂತ ಗುರುತಿದ್ದರೆ ಬೈಯುವಂತಿಲ್ಲ, ಅದು ನಿಮ್ಮ ಹಕ್ಕು. ಹಳದಿ ಬಾಣ ನಡೆಯುವವರಿಗೆ, ನೀಲಿ ಬಾಣ ಕುದುರೆ ಮತ್ತು ಸೈಕಲ್‌ನವರಿಗೂ ಸೇರಿ. ಗೇಟು ಹೇಗಿತ್ತೋ ಹಾಗೇ ಬಿಡಿ: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ಕರು ಹಾಕಿದ ಹಸುಗಳ ನಡುವೆ ಹೋಗಬೇಡಿ, ಬಳಸಿಕೊಂಡು ಹೋಗಿ. ಕುರಿಮರಿ ಎಷ್ಟೇ ಮುದ್ದಾಗಿದ್ದರೂ ಹಿಡಿಯಲು ಓಡಬೇಡಿ. ಹುಲ್ಲಿನಲ್ಲಿ ರಕ್ತ ಹೀರುವ ಉಣುಗುಗಳು ಇರುತ್ತವೆ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಗುಡ್ಡದಲ್ಲಿ ಮೊಬೈಲ್ ಸಿಗ್ನಲ್ ನಂಬಿಕೊಳ್ಳಬೇಡಿ, ನಕ್ಷೆ ಇಳಿಸಿಟ್ಟುಕೊಳ್ಳಿ.

ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ಚಿಂತೆ ಬೇಡ. ಲಡ್ಲೋ ಊಟಕ್ಕೇ ಹೆಸರಾದ ಊರು, 1995ರಿಂದ ಸೆಪ್ಟೆಂಬರ್‌ನಲ್ಲಿ ಕೋಟೆಯಲ್ಲಿ ಆಹಾರ ಹಬ್ಬ ನಡೆಯುತ್ತಿದೆ. ಹಬ್ಬದ ದೊಡ್ಡ ಆಕರ್ಷಣೆ ಸಾಸೇಜ್ ಆದರೂ ಸಸ್ಯಾಹಾರದ ಮಳಿಗೆಗಳೂ ಇರುತ್ತವೆ. ಕೆಫೆಗಳಲ್ಲಿ ಸೂಪ್, ಸಿಪ್ಪೆಸಮೇತ ಬೇಯಿಸಿದ ಆಲೂಗಡ್ಡೆ, ಸ್ಕೋನ್ ಧಾರಾಳವಾಗಿ ಸಿಗುತ್ತವೆ. ಆದರೆ ಎರಡು ವಿಷಯ ಕೇಳಿಯೇ ತಿನ್ನಿ. ಒಂದು ಚಿಪ್ಸ್: ಈ ಕಡೆ ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎರಡು ಚೀಸ್: ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕಿದ್ದಿರಬಹುದು, ಸಸ್ಯಾಹಾರಿಗಳಿಗೆ ಸರಿ ಅಂತ ಲೇಬಲ್‌ನಲ್ಲಿ ಬರೆದಿದ್ದರೆ ಮಾತ್ರ ತಗೊಳ್ಳಿ. ಫಿಜೆಟ್ ಪೈ ಅನ್ನುವುದು ಶ್ರಾಪ್‌ಶೈರಿನ ಪ್ರಸಿದ್ಧ ತಿಂಡಿ, ಸೇಬಿನ ವಾಸನೆ ಬಂದರೂ ಒಳಗೆ ಹಂದಿಮಾಂಸ ಇರುತ್ತದೆ.

ಮಧ್ಯಾಹ್ನ ಎರಡು ಎರಡೂವರೆಗೆ ಎಷ್ಟೋ ಅಡುಗೆಮನೆಗಳು ಮುಚ್ಚುತ್ತವೆ. ನಮ್ಮ ಊಟದ ಹೊತ್ತಿಗೆ ಹೋದರೆ ಬರೀ ಕೇಕ್ ಗತಿ. ನಿಲ್ದಾಣದ ಹತ್ತಿರವೇ ದೊಡ್ಡ ಸೂಪರ್‌ಮಾರ್ಕೆಟ್ ಇದೆ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು, ಸಂತೆಯಲ್ಲಿ ತರಕಾರಿ ತಂದು, ರಾತ್ರಿ ಒಂದು ಸಾರು ಅನ್ನ ಮಾಡಿಕೊಂಡರೆ ಹಿರಿಯರಿಗೂ ನೆಮ್ಮದಿ.

ಯಾವ ತಿಂಗಳು ಒಳ್ಳೆಯದು?

ಮೇ ತಿಂಗಳು. ಬೇಲಿಗಳಲ್ಲಿ ಬಿಳಿ ಹಾಥಾರ್ನ್ ಹೂ, ಕಾಡಿನಲ್ಲಿ ಬ್ಲೂಬೆಲ್, ರಾತ್ರಿ ಒಂಬತ್ತರವರೆಗೆ ಬೆಳಕು. ಸೆಪ್ಟೆಂಬರ್ ಕೂಡ ಚೆನ್ನ, ಆದರೆ ಆಹಾರ ಹಬ್ಬದ ವಾರಾಂತ್ಯಕ್ಕೆ ರೂಮು ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಯಾವ ತಿಂಗಳಾದರೂ ಮಳೆ ಕೋಟು ಇರಲಿ, ಗಾಳಿಗೆ ಕೊಡೆ ನಿಲ್ಲಲ್ಲ.

ವಯಸ್ಸಾದ ಅಪ್ಪ ಅಮ್ಮನಿಗೆ ನಡೆಯೋಕೆ ಆಗುತ್ತಾ?

ಸಂತೆ ಬಯಲು, ಚರ್ಚ್, ಕೋಟೆಯ ಹೊರ ಅಂಗಳ ಎಲ್ಲ ಗುಡ್ಡದ ಮೇಲೆ ಒಂದೇ ಮಟ್ಟದಲ್ಲಿವೆ, ತೊಂದರೆಯಿಲ್ಲ. ಕಷ್ಟ ಇರುವುದು ನದಿಯಿಂದ ವಾಪಸ್ ಹತ್ತುವುದರಲ್ಲಿ. ಡಿನಮ್‌ಗೆ ಟ್ಯಾಕ್ಸಿಯಲ್ಲಿ ಇಳಿಸಿ, ಹುಲ್ಲುಬಯಲಿನ ಬೆಂಚಿನಲ್ಲಿ ಕೂರಿಸಿ, ಒಂದು ಫ್ಲಾಸ್ಕ್ ಕಾಫಿ ಕೊಡಿ. ನೀವು ಬ್ರೆಡ್‌ವಾಕ್ ಸುತ್ತಿ ಬರುವವರೆಗೆ ಅವರು ಬಾತುಕೋಳಿ ನೋಡಿಕೊಂಡು ಆರಾಮವಾಗಿರುತ್ತಾರೆ.

ಮಕ್ಕಳನ್ನು ನೀರಿಗೆ ಬಿಡಬಹುದಾ?

ಬೇಸಿಗೆಯಲ್ಲಿ ದಂಡೆಯ ಆಳವಿಲ್ಲದ ಕಡೆ ಕಾಲು ತೋಯಿಸಿಕೊಳ್ಳಲಿ, ಒಡ್ಡಿನ ಹತ್ತಿರ ಮಾತ್ರ ಬೇಡ. ಒಡ್ಡಿನ ಕೆಳಗೆ ನೀರು ಸುಳಿಯುತ್ತದೆ, ಕಲ್ಲು ಪಾಚಿಗಟ್ಟಿರುತ್ತದೆ, ಜುಲೈನಲ್ಲೂ ನೀರು ಕೊರೆಯುತ್ತದೆ. ಟೀಮ್ ಹುಟ್ಟುವುದು ವೇಲ್ಸ್‌ನ ಬೆಟ್ಟಗಳಲ್ಲಿ. ಅಲ್ಲಿ ಮಳೆ ಬಂದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. 2007ರ ಜೂನ್‌ನಲ್ಲಿ ಪಕ್ಕದ ಕಾರ್ವ್ ಹೊಳೆ ಉಕ್ಕಿ ಊರಿನ ಒಂದು ರಸ್ತೆ ಸೇತುವೆಯೇ ಕುಸಿದುಹೋಗಿತ್ತು. ನೀರು ಕೆಂಪಗೆ ಕದಡಿದ್ದರೆ ಅವತ್ತು ದಂಡೆಗೆ ಇಳಿಯಬೇಡಿ, ಸೇತುವೆ ಮೇಲಿಂದಲೇ ನೋಡಿ.